ಮೂರು ವರ್ಷ, ಒಂದೇ ಸಿಂತ್: ಸರ್ಜ್ ಎಕ್ಸ್‌ಟಿ ಬಳಸಿದ ಅನುಭವ

ಕಂಪ್ಯೂಟರ್‌ನಲ್ಲಿ ಸಂಗೀತದ ದನಿ ಹುಟ್ಟಿಸುವ ಸಿಂತ್ (ಸಿಂಥಸೈಜರ್) ಆದ ಸರ್ಜ್ ಎಕ್ಸ್‌ಟಿಯನ್ನು ನಾನು ಇಷ್ಟಪಟ್ಟು ಹಾಕಿಕೊಂಡಿದ್ದಲ್ಲ, ಸಿಟ್ಟಿನಲ್ಲಿ ಹಾಕಿಕೊಂಡಿದ್ದು. ಅದಕ್ಕೂ ಮುಂಚೆ ದುಡ್ಡು ಕೊಟ್ಟು ತಗೊಂಡಿದ್ದ ಇಂಥದೇ ಬೇರೊಂದು ಪ್ಲಗಿನ್ (ಸಂಗೀತದ ಸಾಫ್ಟ್‌ವೇರ್‌ಗೆ ಜೋಡಿಸುವ ಸಲಕರಣೆ), ಕಂಪ್ಯೂಟರ್ ಬದಲಾಯಿಸಿದ ದಿನ ಲೈಸೆನ್ಸ್ ಒಪ್ಪದೆ ಹಟ ಹಿಡಿಯಿತು. ಅರ್ಧ ಮುಗಿದಿದ್ದ ನಾಲ್ಕು ಟ್ರ್ಯಾಕ್ ಬಾಯಿ ಮುಚ್ಚಿಕೊಂಡು ಕೂತವು. ಸರ್ಜ್ ಪುಕ್ಕಟೆ, ಅದಕ್ಕೆ ಲೈಸೆನ್ಸ್ ರಗಳೆಯೇ ಇಲ್ಲ ಎಂದು ಇಳಿಸಿಕೊಂಡೆ. ಮೊದಲು ಕ್ಲೇಸ್ ಯೊಹಾನ್ಸನ್ ಮಾಡಿ ಮಾರುತ್ತಿದ್ದ ಸಿಂತ್ ಇದು. 2018ರಲ್ಲಿ ಅವರು ಅದರ ಸೋರ್ಸ್ ಕೋಡನ್ನೇ ಎಲ್ಲರಿಗೂ ಬಿಟ್ಟುಕೊಟ್ಟರು. ಆಮೇಲೆ ಸ್ವಯಂಸೇವಕರು ಬೆಳೆಸುತ್ತಾ ಬಂದು, 2022ರಲ್ಲಿ ಎಕ್ಸ್‌ಟಿ ಆವೃತ್ತಿ ಬಂತು.

ಮೊದಲ ಎರಡು ತಿಂಗಳು ಪ್ರೀಸೆಟ್, ಅಂದರೆ ಮೊದಲೇ ಮಾಡಿಟ್ಟ ದನಿಗಳ, ಹುಡುಕಾಟದಲ್ಲೇ ಹೋಯಿತು. ಒಂದೊಂದೂ ತಾನಾಗಿ ಕೇಳಿದರೆ ಭರ್ಜರಿ, ನಾಲ್ಕನ್ನು ಒಟ್ಟಿಗೆ ಹಾಕಿದರೆ ಸಂತೆಗದ್ದಲ. ಯಾವ ಸಿಂತ್‌ನಲ್ಲಾದರೂ ಪ್ರೀಸೆಟ್ ಮಾಡುವವರು ಅದು ಒಂಟಿಯಾಗಿ ಚೆನ್ನಾಗಿ ಕೇಳಲಿ ಅಂತಲೇ ಗುಂಯ್‌ಗುಡಿಸುವ ರಿವರ್ಬ್, ಮಾರ್ದನಿಯ ಡಿಲೇ ಮೊದಲಾದ ಎಫೆಕ್ಟ್ ಸುರಿದಿರುತ್ತಾರೆ. ಇದರಲ್ಲಿ ಎಫೆಕ್ಟ್‌ಗಳನ್ನೆಲ್ಲ ಒಂದೇ ಸಲಕ್ಕೆ ಆಫ್ ಮಾಡುವ ಬೈಪಾಸ್ ಬಟನ್ ಇದೆ. ಈಗ ಯಾವ ಪ್ರೀಸೆಟ್ ತೆರೆದರೂ ಮೊದಲು ಅದನ್ನೇ ಒತ್ತುತ್ತೇನೆ. ಒಣ ದನಿ ಚೆನ್ನಾಗಿದ್ದರೆ ಮಾತ್ರ ಮುಂದಿನ ಮಾತು.

ನನಗೆ ನಿಜವಾಗಿ ಕಣ್ಣು ತೆರೆಸಿದ್ದು ಒಂದು ಬೇಸ್ (ತಗ್ಗಿನ ಸ್ವರಗಳ ದನಿ). ಕಿಕ್ ಡ್ರಮ್ ಸುಮಾರು 50 ಹರ್ಟ್ಸ್‌ನಲ್ಲಿ ಗುದ್ದುತ್ತಿತ್ತು, ಬೇಸ್ ನೋಟ್ 49 ಹರ್ಟ್ಸ್‌ನ ಜಿ. ಒಂದು ಬಾರ್‌ನಲ್ಲಿ (ತಾಳದ ಒಂದು ಸುತ್ತಿನಲ್ಲಿ) ಎದೆಗೆ ತಾಗುವ ಪೆಟ್ಟು, ಮುಂದಿನ ಬಾರ್‌ನಲ್ಲಿ ಅದೇ ನೋಟ್ ಸಪ್ಪೆ. ದನಿಯ ಏರಿಳಿತ ತಗ್ಗಿಸುವ ಕಂಪ್ರೆಸರ್ ಮೇಲೆ ಅನುಮಾನ ಪಟ್ಟೆ, ಹೆಡ್‌ಫೋನ್ ಬದಲಾಯಿಸಿದೆ, ಒಂದು ವಾರ ಇಕ್ಯೂ (ತಗ್ಗು, ಎತ್ತರದ ದನಿಗಳನ್ನು ಹೆಚ್ಚು ಕಡಿಮೆ ಮಾಡುವ ಈಕ್ವಲೈಸರ್) ತಿರುಗಿಸಿದೆ. ಕೊನೆಗೆ ನೋಡಿದರೆ ಸಿಂತ್‌ನಲ್ಲಿ ದನಿಯ ಅಲೆ ಹುಟ್ಟಿಸುವ ಆಸಿಲೇಟರ್‌ನ ರೀಟ್ರಿಗರ್ ಬಟನ್ ಆಫ್ ಆಗಿತ್ತು. ಅದು ಆಫ್ ಇದ್ದಾಗ ಪ್ರತಿ ನೋಟ್‌ನ ಅಲೆ ಬೇರೆ ಬೇರೆ ಜಾಗದಿಂದ ಶುರುವಾಗುತ್ತದೆ. 50 ಹರ್ಟ್ಸ್ ಅಲೆಯ ಒಂದು ಸುತ್ತಿಗೆ 20 ಮಿಲಿಸೆಕೆಂಡ್. ಬೇಸ್ 10 ಮಿಲಿಸೆಕೆಂಡ್ ಆಚೀಚೆ ಆದರೆ ಸಾಕು, ಕಿಕ್ ಮೇಲೇರುವಾಗ ಬೇಸ್ ಕೆಳಗಿಳಿದು ಒಂದನ್ನೊಂದು ತಿಂದುಹಾಕುತ್ತವೆ. ರೀಟ್ರಿಗರ್ ಆನ್ ಮಾಡಿದೆ, ಪೆಟ್ಟು ಎಲ್ಲಾ ಬಾರ್‌ನಲ್ಲೂ ಒಂದೇ ಸಮ. ಒಂದು ವಾರದ ಇಕ್ಯೂ ಪೂರ್ತಿ ಅಳಿಸಿಹಾಕಿದೆ. ಮಿಕ್ಸ್‌ನ ರೋಗ ಎಂದುಕೊಂಡಿದ್ದು ಸಿಂತ್ ಒಳಗೇ ಇತ್ತು.

ಅಲ್ಲಿಂದ ನನ್ನ ಕೆಲಸದ ರೀತಿಯೇ ಬದಲಾಯಿತು. ಸರ್ಜ್‌ನಲ್ಲಿ ಎ, ಬಿ ಅಂತ ಎರಡು ಸೀನ್ (ಬೇರೆ ಬೇರೆ ದನಿ ಪದರ), ಒಂದೊಂದರಲ್ಲೂ ಮೂರು ಆಸಿಲೇಟರ್, ಎರಡು ಫಿಲ್ಟರ್. ಡ್ಯುಯಲ್ ಮೋಡ್‌ಗೆ ಹಾಕಿದರೆ ಎರಡೂ ಸೀನ್ ಒಟ್ಟಿಗೆ ನುಡಿಯುತ್ತವೆ. ಈಗ ನನ್ನ ಬೇಸ್ ಎಲ್ಲಾ ಹೀಗೆಯೇ: ಎ ಸೀನ್‌ನಲ್ಲಿ ಒಂದೇ ಒಂದು ಸೈನ್ ಅಲೆ, ನಟ್ಟನಡುವೆ, ಮೋನೊ. ಬಿ ಸೀನ್‌ನಲ್ಲಿ ಡಿಟ್ಯೂನ್ ಮಾಡಿದ, ಅಂದರೆ ಶ್ರುತಿ ತುಸು ಆಚೀಚೆ ಮಾಡಿದ, ಗರಗಸದ ಹಲ್ಲಿನಾಕಾರದ ಸಾ (saw) ಅಲೆಗಳು, ಎಡಬಲಕ್ಕೆ ಹರಡಿ. ಪ್ರತಿ ಸೀನ್‌ಗೂ ಅದರದೇ ಹೈಪಾಸ್ (ತಗ್ಗಿನ ದನಿ ತಡೆಯುವ ಫಿಲ್ಟರ್) ಇರುವುದರಿಂದ ಬಿ ಸೀನ್‌ನಲ್ಲಿ 120 ಹರ್ಟ್ಸ್‌ಗಿಂತ ಕೆಳಗಿನದನ್ನು ಅಲ್ಲೇ ಕತ್ತರಿಸುತ್ತೇನೆ. ಡಿಟ್ಯೂನ್ ಅನ್ನು ತಳದವರೆಗೆ ಬಿಟ್ಟರೆ 49 ಮತ್ತು 49.5 ಹರ್ಟ್ಸ್ ಸೇರಿ ಎರಡು ಸೆಕೆಂಡಿಗೊಮ್ಮೆ ಬೇಸ್ ಉಬ್ಬಿ ಇಳಿಯುತ್ತದೆ. ಅದನ್ನು ‘ದಪ್ಪ ಬೇಸ್’ ಅಂದುಕೊಂಡು ಒಂದು ವರ್ಷ ಖುಷಿಪಟ್ಟವನು ನಾನೇ.

ಹಿನ್ನೆಲೆಯಲ್ಲಿ ಉದ್ದಕ್ಕೆ ಹರಡುವ ಪ್ಯಾಡ್ ದನಿಯ ವಿಷಯದಲ್ಲೂ ಹಾಗೆಯೇ. ಕಿಕ್‌ಗೆ ಜಾಗ ಬಿಡಲು ಸೈಡ್‌ಚೈನ್ ಕಂಪ್ರೆಸರ್ (ಕಿಕ್ ಬಂದಾಗಲೆಲ್ಲ ಇನ್ನೊಂದು ದನಿಯ ವಾಲ್ಯೂಮ್ ತಗ್ಗಿಸುವುದು) ಹಾಕುವುದು ಎಲ್ಲರ ರೂಢಿ. ನಾನು ಈಗ ಟೆಂಪೊಗೆ ಕಟ್ಟಿದ ಎಲ್‌ಎಫ್‌ಒ (ನಿಧಾನಕ್ಕೆ ಏರಿಳಿಯುವ ನಿಯಂತ್ರಣದ ಅಲೆ) ಒಂದನ್ನು ಪ್ಯಾಡ್‌ನ ಫಿಲ್ಟರ್ ಕಟಾಫ್‌ಗೆ (ಫಿಲ್ಟರ್ ಎಲ್ಲಿಂದ ಸೋಸಬೇಕು ಎಂಬ ಗಡಿಗೆ) ಜೋಡಿಸುತ್ತೇನೆ. 120 ಬಿಪಿಎಂ (ನಿಮಿಷಕ್ಕೆ 120 ಬೀಟ್) ಟ್ರ್ಯಾಕ್ ಆದರೆ ಪ್ರತಿ 500 ಮಿಲಿಸೆಕೆಂಡ್‌ಗೆ ಒಂದು ಸಲ ಕಟಾಫ್ ಮುಚ್ಚಿ ನಿಧಾನಕ್ಕೆ ತೆರೆದುಕೊಳ್ಳುತ್ತದೆ. ವಾಲ್ಯೂಮ್ ಬೀಳುವುದಕ್ಕಿಂತ ಇದು ಉಸಿರಾಟದಂತೆ ಕೇಳುತ್ತದೆ. ಆ ಏರಿಳಿತದ ಆಕಾರವನ್ನು ಎಂಎಸ್ಇಜಿ ಎಡಿಟರ್‌ನಲ್ಲಿ ಕೈಯಾರೆ ಗೆರೆ ಎಳೆದು ಮಾಡಬಹುದು. ಮಾಡ್ಯುಲೇಶನ್ (ಹೀಗೆ ತಾನಾಗಿ ಆಗುವ ಏರಿಳಿತ) ಎಷ್ಟಿದೆ ಎಂದು ಆಯಾ ಸ್ಲೈಡರ್ ಮೇಲೆಯೇ ಕಾಣುವುದು ಈ ಸಿಂತ್‌ನಲ್ಲಿ ನನಗೆ ಅತ್ಯಂತ ಇಷ್ಟವಾದ ಸಂಗತಿ. ಮುಖ್ಯ ಮಟ್ಟು ನುಡಿಸುವ ಲೀಡ್‌ಗೆ ಇಷ್ಟೆಲ್ಲ ಬೇಕಿಲ್ಲ, ರಿಲೀಸ್ (ಕೀ ಬಿಟ್ಟ ಮೇಲೆ ದನಿ ಉಳಿಯುವ ಸಮಯ) ಚಿಕ್ಕದು ಮಾಡಿದರೆ ಅರ್ಧ ಕೊಳೆ ತೊಳೆದುಹೋಗುತ್ತದೆ.

ಒಂದು ಅಲೆಯಿಂದ ಇನ್ನೊಂದನ್ನು ಅಲುಗಿಸಿ ದನಿ ಮಾಡುವ ಎಫ್ಎಂ ಬಗ್ಗೆ ಹೆಚ್ಚು ಹೇಳಲಾರೆ. ಗಂಟೆಯಂಥ ದನಿಗಳಿಗೆ ಎಫ್ಎಂ3 ಆಸಿಲೇಟರ್ ಧಾರಾಳ ಸಾಕು. ಸ್ಟ್ರಿಂಗ್ ಆಸಿಲೇಟರ್ ಮಾತ್ರ ಒಂದು ಸಂಜೆ ಪೂರ್ತಿ ನುಂಗುತ್ತದೆ, ಎಚ್ಚರ.

ಪರದೆ ನೋಡಲು ಥಳುಕಿನದಲ್ಲ, ಅನೇಕ ಸೌಲಭ್ಯಗಳು ರೈಟ್ ಕ್ಲಿಕ್ ಮೆನುವಿನಲ್ಲಿವೆ. ಬಣ್ಣಬಣ್ಣದ ವೇವ್‌ಟೇಬಲ್ ತಿರುಗುವುದನ್ನು ನೋಡುತ್ತಾ ದನಿ ಕಟ್ಟುವವರಿಗೆ ಮೊದಲ ವಾರ ಬೇಸರವಾದೀತು. ಯೂನಿಸನ್ (ಒಂದೇ ನೋಟ್‌ಗೆ ಒಟ್ಟಿಗೆ ನುಡಿಯುವ ದನಿಗಳ ಸಂಖ್ಯೆ) ಅನ್ನು 16ಕ್ಕೆ ಏರಿಸಿ ದೊಡ್ಡ ಕಾರ್ಡ್ ಹಿಡಿದರೆ ನನ್ನ ಹಳೆಯ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ಏಳಕ್ಕೆ ಇಳಿಸಿದರೆ ಕಿವಿಗೆ ವ್ಯತ್ಯಾಸ ಗೊತ್ತಾಗುವುದೂ ಕಡಿಮೆ.

ಹೋದ ವಾರ ಮೊದಲ ವರ್ಷದ ಪ್ರಾಜೆಕ್ಟ್ ಒಂದನ್ನು ತೆರೆದೆ. ತಕರಾರಿಲ್ಲದೆ ತೆರೆದುಕೊಂಡಿತು, ದನಿಗಳೂ ಅವೇ. ಪ್ಯಾಡ್ ಟ್ರ್ಯಾಕ್ ಒಂದರ ಮೇಲೇ ಮೂರು ಇಕ್ಯೂ, ಎರಡು ಕಂಪ್ರೆಸರ್ ಪೇರಿಸಿಟ್ಟಿದ್ದೆ. ಐದನ್ನೂ ತೆಗೆದು, ಸೀನ್‌ನ ಹೈಪಾಸ್ ಏರಿಸಿ, ಅಟ್ಯಾಕ್ (ದನಿ ಪೂರ್ತಿ ಏರಲು ಹಿಡಿಯುವ ಸಮಯ) ಅನ್ನು 30 ಮಿಲಿಸೆಕೆಂಡ್‌ಗೆ ತಂದೆ. ಕಿಕ್ ತಾನಾಗಿ ಮುಂದೆ ಬಂತು.