ತೋಳಿಗೆ ಕಟ್ಟುವ ಬಿಪಿ ಮಿಷನ್: ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಶುರುವಾದ ಮೇಲೆ ಐದು ತಿಂಗಳ ಬಳಕೆ

ಚಿಕ್ಕಮಗಳೂರಿನ ಐ.ಜಿ. ರಸ್ತೆಯ ಒಂದು ಮೆಡಿಕಲ್ ಶಾಪಿನಲ್ಲಿ ಜನವರಿ ಮೊದಲ ವಾರ 2,150 ರೂಪಾಯಿ ಕೊಟ್ಟು ತಂದ ಮಿಷನ್ ಇದು. ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದರೆ ಗಾಳಿ ತುಂಬಿ ಬಿಗಿದು, ನಿಧಾನಕ್ಕೆ ಬಿಟ್ಟು, ಮೂರು ಅಂಕಿ ತೋರಿಸುತ್ತದೆ: ಮೇಲಿನ ಬಿಪಿ, ಕೆಳಗಿನ ಬಿಪಿ, ನಾಡಿಬಡಿತ. ಬಹಳ ಜನ ಆ ಮೂರನೇ ಅಂಕಿಯ ಕಡೆ ಕಣ್ಣೇ ಹಾಯಿಸುವುದಿಲ್ಲ. ನಾನು ದುಡ್ಡು ಕೊಟ್ಟಿದ್ದು ಅದಕ್ಕೇ. ಕಂಪನಿಯ ಹೆಸರು ಬರೆಯುತ್ತಿಲ್ಲ. ಇದೇ ಬೆಲೆಗೆ ಇದೇ ತರದ ಮಿಷನ್ ನಾಲ್ಕೈದು ಕಂಪನಿಗಳದ್ದು ಸಿಗುತ್ತದೆ, ನಾನು ಹೇಳುವುದರಲ್ಲಿ ಹೆಚ್ಚಿನದು ಎಲ್ಲದಕ್ಕೂ ಹೊಂದುತ್ತದೆ.

ನನಗೆ 48 ವರ್ಷ. ಕಾಫಿ ಬೀಜದ ಹೊಟ್ಟು ಬಿಡಿಸಿ ವಿಂಗಡಿಸುವ ಕ್ಯೂರಿಂಗ್ ವರ್ಕ್ಸಿನಲ್ಲಿ ತೂಕದ ಮತ್ತು ಔಟ್‌ಟರ್ನಿನ, ಅಂದರೆ ಹಾಕಿದ ಮಾಲಿಗೆ ಎಷ್ಟು ಕಾಫಿ ಹೊರಬಂತು ಎನ್ನುವ, ಲೆಕ್ಕ ನೋಡಿಕೊಳ್ಳುತ್ತೇನೆ. ಎರಡು ವರ್ಷದಿಂದ ಬೆಳಗ್ಗೆ ಏಳುವಾಗಲೇ ಸುಸ್ತು, ಯಾವುದರಲ್ಲೂ ಆಸೆಯಿಲ್ಲ, ಒಂದು ಮೂಟೆ ಪಕ್ಕಕ್ಕೆ ಸರಿಸಿದರೆ ಕೈಕಾಲು ನಡುಗುವುದು. ಸಕ್ಕರೆ, ಥೈರಾಯ್ಡ್, ಬಿ12 ಎಲ್ಲ ನೋಡಿಸಿದ್ದಾಯ್ತು. ಕೊನೆಗೆ ಹಾಸನದಲ್ಲಿ ಹಾರ್ಮೋನ್ ಡಾಕ್ಟರೊಬ್ಬರು ಗಂಡಸರ ಹಾರ್ಮೋನಾದ ಟೆಸ್ಟೋಸ್ಟೆರಾನ್ ನೋಡೋಣ ಎಂದರು. ಅದು ಬೆಳಗ್ಗೆ ಹೆಚ್ಚಿದ್ದು ಹೊತ್ತೇರಿದಂತೆ ಇಳಿಯುವುದರಿಂದ ರಕ್ತವನ್ನು ಬೆಳಗ್ಗೆಯೇ ಕೊಡಬೇಕು, ಒಂದು ಸಲದ ರಿಪೋರ್ಟ್ ನಂಬಬಾರದು, ಬೇರೆ ದಿನ ಇನ್ನೊಂದು ಸಲ ಮಾಡಿಸಬೇಕು. ನನ್ನದು ಡೆಸಿಲೀಟರಿಗೆ ಇಷ್ಟು ನ್ಯಾನೋಗ್ರಾಂ ಎನ್ನುವ ಲೆಕ್ಕದಲ್ಲಿ ಒಮ್ಮೆ 196, ಇನ್ನೊಮ್ಮೆ 211 ಬಂತು. 300ಕ್ಕಿಂತ ಕೆಳಗಿದ್ದು ಇಂಥ ಲಕ್ಷಣಗಳೂ ಇದ್ದರೆ ಕೊರತೆ ಎಂದೇ ಲೆಕ್ಕ. 22ನೇ ವಯಸ್ಸಿನಲ್ಲಿ ನನಗೆ ಮಂಗನಬಾವು ಬಂದು, ಬಾವು ವೃಷಣಕ್ಕೂ ಇಳಿದಿತ್ತು. ಅದರ ಪೆಟ್ಟು ಇರಬಹುದು ಎಂದರು. ಹೊರಗಿನಿಂದ ಟೆಸ್ಟೋಸ್ಟೆರಾನ್ ತಗೊಂಡರೆ ವೀರ್ಯಾಣು ಕುಗ್ಗುತ್ತದೆ, ಇನ್ನು ಮಕ್ಕಳು ಬೇಕಾ ಎಂದೂ ಕೇಳಿದರು. ಮಗಳು ಪಿಯುಸಿಯಲ್ಲಿದ್ದಾಳೆ, ಬೇಡ ಎಂದೆವು. ಡಿಸೆಂಬರ್ 8ಕ್ಕೆ ಮೊದಲ ಇಂಜೆಕ್ಷನ್: ಟೆಸ್ಟೋಸ್ಟೆರಾನ್ ಎನಾಂಥೇಟ್ ಎಂಬ ಎಣ್ಣೆ ಇಂಜೆಕ್ಷನ್, 250 ಮಿಲಿಗ್ರಾಂ, ಮೂರು ವಾರಕ್ಕೊಮ್ಮೆ.

ಎರಡನೇ ಇಂಜೆಕ್ಷನ್ ಆಗಿ ಎರಡು ದಿನ ಕಳೆದಿತ್ತು. ರಾತ್ರಿ ಎಡಮಗ್ಗುಲಿಗೆ ಮಲಗಿದರೆ ದಿಂಬಿನೊಳಗೆ ಯಾರೋ ಒನಕೆಯಲ್ಲಿ ಕುಟ್ಟಿದ ಹಾಗೆ ಎದೆಬಡಿತ ಕೇಳುತ್ತಿತ್ತು. ಎದ್ದು ಕೂತೆ. ಮಗಳ ಸ್ಮಾರ್ಟ್ ವಾಚ್ ಕಟ್ಟಿಕೊಂಡು ನೋಡಿದರೆ 131. ಐದು ನಿಮಿಷ ಬಿಟ್ಟು ನೋಡಿದರೆ 78. ಮತ್ತೆ 122. ಹೆಂಡತಿ ದೀಪ ಹಾಕಿ, "ಏನ್ರೀ, ಎದೆ ಹಿಡ್ಕೊಂಡು ಕೂತಿದೀರಲ್ಲ, ಆಟೋ ಕರೀಲಾ?" ಎಂದು ಕೇಳಿದಾಗ ಅವಳ ಧ್ವನಿ ನಡುಗುತ್ತಿತ್ತು. ಆ ರಾತ್ರಿ ನಾವಿಬ್ಬರೂ ನಿದ್ದೆ ಮಾಡಲಿಲ್ಲ. ಮಗಳ ಕೈಗೆ ಸರಿಯಾಗುವ ಪಟ್ಟಿ ನನ್ನ ಮಣಿಕಟ್ಟಿನ ಮೇಲೆ ಸರಿಯಾಗಿ ಕೂತಿರಲಿಲ್ಲ. ವಾಚು ಹಸಿರು ಬೆಳಕು ಬಿಟ್ಟು ಚರ್ಮದಡಿಯ ರಕ್ತದ ಏರಿಳಿತದಿಂದ ಲೆಕ್ಕ ಹಾಕುತ್ತದೆ. ಪಟ್ಟಿ ಅಲ್ಲಾಡಿದರೆ ಲೆಕ್ಕವೂ ಅಲ್ಲಾಡುತ್ತದೆ. ಇದು ನನಗೆ ಗೊತ್ತಾಗಿದ್ದು ಆಮೇಲೆ. ಬೆಳಗ್ಗೆ ಹತ್ತಿರದ ಕ್ಲಿನಿಕ್ಕಿಗೆ ಹೋದರೆ ಅಲ್ಲಿನ ಡಾಕ್ಟರು ಬೆರಳಿಗೆ ಕ್ಲಿಪ್ ಹಾಕಿ, "94 ಇದೆ, ನೂರರೊಳಗೆ ನಾರ್ಮಲ್ಲು, ಗಾಬರಿ ಬೇಡ" ಎಂದು ಕಳಿಸಿದರು. ಅವರ ಮಾತು ಪುಸ್ತಕದ ಪ್ರಕಾರ ಸರಿ. ದೊಡ್ಡವರಿಗೆ ಸುಮ್ಮನಿದ್ದಾಗ ನಾಡಿ 60ರಿಂದ 100ರ ನಡುವೆ ಇರಬಹುದು. ಆದರೆ ನವೆಂಬರಿನಲ್ಲಿ ಹಾಸನದ ಚೀಟಿಯಲ್ಲಿ ನನ್ನ ನಾಡಿ 70 ಎಂದು ಬರೆದಿತ್ತು. ನನ್ನ 94 ಎಲ್ಲಿಂದ ಏರಿ ಬಂದ 94 ಎಂದು ಅವರು ಕೇಳಲೇ ಇಲ್ಲ. ಇವತ್ತಿಗೂ ಆ ಬೇಸರ ಹೋಗಿಲ್ಲ.

ಅಲ್ಲಿಂದ ಸೀದಾ ಮೆಡಿಕಲ್ ಶಾಪಿಗೆ ಹೋದೆ.

ಕೆಲಸದಲ್ಲಿ ಕಾಫಿಯ ತೇವ ಅಳೆಯುವ ಮೀಟರನ್ನೂ ನಾವು ಒಮ್ಮೆ ಪಕ್ಕಾ ಮಾಡಿಕೊಳ್ಳದೆ ನಂಬುವುದಿಲ್ಲ. ಪಾರ್ಚ್‌ಮೆಂಟ್, ಅಂದರೆ ಹೊಟ್ಟು ಬಿಡಿಸದ ಕಾಫಿ ಬೀಜ, ತೇವ ನೂರಕ್ಕೆ ಹತ್ತರ ಆಸುಪಾಸಿಗೆ ಒಣಗಿದೆಯೋ ಇಲ್ಲವೋ ಎನ್ನುವುದರ ಮೇಲೆ ಬೆಳೆಗಾರರ ದುಡ್ಡು ನಿಂತಿರುತ್ತದೆ. ಹಾಗಾಗಿ ಮೊದಲ ವಾರ ಈ ಮಿಷನ್ನನ್ನೂ ಪರೀಕ್ಷೆ ಮಾಡಿದೆ. ನಾನು ಕೂತಿರುವಾಗ ಹೆಂಡತಿ ಬಲಗೈ ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಬುಡದ ಕಡೆ ಎರಡು ಬೆರಳಿಟ್ಟು, ಗೋಡೆ ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎಣಿಸುವಳು, ಎಡತೋಳಿನಲ್ಲಿ ಮಿಷನ್ ಓಡುವುದು. ಅವಳ ಲೆಕ್ಕ 87, ಮಿಷನ್ನಿನದು 88. ಇನ್ನೊಮ್ಮೆ 73, 72. ಹನ್ನೊಂದು ಸಲ ಮಾಡಿದೆವು, ಒಮ್ಮೆಯೂ ಮೂರಕ್ಕಿಂತ ಹೆಚ್ಚು ವ್ಯತ್ಯಾಸ ಬರಲಿಲ್ಲ. ಅವತ್ತಿಂದ ನನಗೆ ಇದರ ಮೇಲೆ ನಂಬಿಕೆ.

ಕೂರುವ ರೀತಿಯಲ್ಲೇ ಅರ್ಧ ಕೆಲಸ ಇದೆ. ಪೆಟ್ಟಿಗೆಯಲ್ಲಿ ಬರುವ ಚೀಟಿಯಲ್ಲಿ ಇದನ್ನೆಲ್ಲ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಹಾಕಿದ್ದಾರೆ, ಓದಲು ಆಗುವುದಿಲ್ಲ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೆ ಊರಿ, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು ಐದು ನಿಮಿಷ ಮಾತಿಲ್ಲದೆ ಕೂರಬೇಕು. ಅರ್ಧ ಗಂಟೆ ಮೊದಲಿನಿಂದ ಕಾಫಿ, ಬೀಡಿ ಸಿಗರೇಟು, ನಡಿಗೆ ಯಾವುದೂ ಇರಬಾರದು. ನಾನು ಬೆಳಗ್ಗೆ ಆರಕ್ಕೆ, ಕಾಫಿಗೂ ಮೊದಲು, ಎರಡು ಸಲ ನೋಡಿ ಎರಡನೆಯದನ್ನು ಬರೆದಿಡುತ್ತೇನೆ. ಹೊಸ ತೂಕದ ಚೀಟಿ ಪುಸ್ತಕವೊಂದನ್ನು ಅದಕ್ಕೇ ಇಟ್ಟಿದ್ದೇನೆ.

ಜನವರಿ 19ರ ಇಂಜೆಕ್ಷನ್ನಿನ ಪುಟ ಹೀಗಿದೆ. ಅವತ್ತು ಬೆಳಗ್ಗೆ, ಸೂಜಿಗೂ ಮೊದಲು 71. ಮಾರನೇ ದಿನ 84. 21ಕ್ಕೆ 93. 22ಕ್ಕೆ 95. 23ಕ್ಕೆ 91. ವಾರ ಕಳೆದಾಗ 82. ಮೂರನೇ ವಾರದ ಕೊನೆಗೆ 72. ಮೇಲಿನ ಬಿಪಿಯೂ ಅದರ ಹಿಂದೆಯೇ 126ರಿಂದ 138ಕ್ಕೆ ಏರಿ ಇಳಿದಿದೆ. ಈ ಎಣ್ಣೆ ಇಂಜೆಕ್ಷನ್ ಹಾಕಿಸಿಕೊಂಡ ಒಂದರಿಂದ ಮೂರು ದಿನದೊಳಗೆ ರಕ್ತದಲ್ಲಿ ಹಾರ್ಮೋನು ತುತ್ತತುದಿಗೆ ಹೋಗಿ, ಆಮೇಲೆ ದಿನದಿನಕ್ಕೂ ಇಳಿಯುತ್ತದೆ. ನನ್ನ ನಾಡಿ ಅದೇ ಗುಡ್ಡ ಹತ್ತಿ ಅದೇ ಗುಡ್ಡ ಇಳಿಯುತ್ತಿತ್ತು. ಇದನ್ನು ನನಗೆ ತೋರಿಸಿದ್ದು ಆ ಮೂರನೇ ಅಂಕಿ.

ಕಾಫಿ ಕಾರಣ ಇರಬಹುದು ಎಂದು ಮನೆಯಲ್ಲೂ ಕೆಲಸದಲ್ಲೂ ಎಲ್ಲರೂ ಹೇಳಿದರು. ಹೇಳುವುದರಲ್ಲಿ ಅರ್ಥ ಇತ್ತು. ಸೀಸನ್ನಿನಲ್ಲಿ ನಾನು ದಿನಕ್ಕೆ ಏಳು ಲೋಟ ಕುಡಿಯುತ್ತೇನೆ, ನಮ್ಮ ಪುಡಿಯಲ್ಲಿ ರೊಬಸ್ಟಾನೇ ಜಾಸ್ತಿ. ಅರೇಬಿಕಾಗಿಂತ ರೊಬಸ್ಟಾದಲ್ಲಿ ಕೆಫೀನು ಹತ್ತಿರಹತ್ತಿರ ಎರಡು ಪಟ್ಟು. ಸರಿ, ಫೆಬ್ರವರಿ 9ರ ಇಂಜೆಕ್ಷನ್ನಿಗೆ ಹತ್ತು ದಿನ ಮೊದಲೇ ಎರಡು ಲೋಟಕ್ಕೆ ಇಳಿಸಿದೆ. ಮೊದಲ ಮೂರು ದಿನ ತಲೆ ಸಿಡಿಯಿತು. ಆ ಸಲದ ತುದಿ 90. ಐದು ಇಳಿಯಿತು, ಗುಡ್ಡ ಮಾತ್ರ ಅಲ್ಲೇ ಇತ್ತು. ಕಾಫಿಯ ಪಾಲು ಎಷ್ಟು, ಸೂಜಿಯ ಪಾಲು ಎಷ್ಟು ಎಂದು ಅಂದಾಜಾದರೂ ಸಿಕ್ಕಿತಲ್ಲ ಎಂದು ಸಮಾಧಾನವಾಯಿತು.

ಇನ್ನು ಮಿಷನ್ನಿನ ಮೂಲೆಯಲ್ಲಿ ಮೂಡುವ ಪುಟ್ಟ ಹೃದಯದ ಗುರುತಿನ ವಿಷಯ. ಬಡಿತದ ನಡುವಿನ ಅಂತರ ಹೆಚ್ಚುಕಮ್ಮಿಯಾದರೆ ಅದು ಬರುತ್ತದೆ. ಫೆಬ್ರವರಿ 12ಕ್ಕೆ ಅದು ಮೂಡಿದಾಗ ನನಗೆ ಬೆವರು ಕಿತ್ತುಕೊಂಡಿತು. ಐದು ನಿಮಿಷ ಬಿಟ್ಟು ಮತ್ತೆ ನೋಡಿದೆ, ಬರಲಿಲ್ಲ. ಅಳತೆ ನಡೆಯುವಾಗ ತೋಳು ಅಲ್ಲಾಡಿದರೂ ಅದು ಬರುತ್ತದಂತೆ. ಆದರೂ ಸುಮ್ಮನೆ ಕೂರಲಿಲ್ಲ. ಪುಸ್ತಕ ಹಿಡಿದು ಬೇಲೂರು ಮೇಲೆ ಹೋಗುವ ಬಸ್ಸು ಹತ್ತಿ ಹಾಸನಕ್ಕೆ ಹೋದೆ.

ಡಾಕ್ಟರು ಪುಸ್ತಕದ ಪುಟ ಒಂದೊಂದಾಗಿ ತಿರುವಿದರು. ಮೊದಲು ಇಸಿಜಿ ಮಾಡಿಸಿದರು. ಬಡಿತ ಜೋರಾಗಿದೆ, ಆದರೆ ತಾಳ ತಪ್ಪಿಲ್ಲ ಎಂದರು. ಅವರ ಅನುಮಾನ ಏಟ್ರಿಯಲ್ ಫಿಬ್ರಿಲೇಷನ್ ಬಗ್ಗೆ ಇತ್ತು, ಹೃದಯದ ಮೇಲಿನ ಕೋಣೆಗಳು ತಾಳವಿಲ್ಲದೆ ಅದುರುವ ತೊಂದರೆ. 2023ರಲ್ಲಿ ಪ್ರಕಟವಾದ ಟ್ರಾವರ್ಸ್ ಎಂಬ ಅಧ್ಯಯನದ ಬಗ್ಗೆ ಹೇಳಿದರು. ಹೃದಯದ ಕಾಯಿಲೆ ಅಥವಾ ಅದರ ಅಪಾಯ ಇದ್ದ, 45ರಿಂದ 80 ವಯಸ್ಸಿನ 5,246 ಗಂಡಸರಲ್ಲಿ ಅರ್ಧ ಜನಕ್ಕೆ ಟೆಸ್ಟೋಸ್ಟೆರಾನ್ ಜೆಲ್, ಇನ್ನರ್ಧಕ್ಕೆ ಔಷಧವಿಲ್ಲದ ಬರೀ ಜೆಲ್. ಹೃದಯಾಘಾತ, ಪಾರ್ಶ್ವವಾಯು, ಹೃದಯ ಸಂಬಂಧಿ ಸಾವು ಇವು ಹೆಚ್ಚಾಗಲಿಲ್ಲ. ತಾಳ ತಪ್ಪುವ ತೊಂದರೆ ಮಾತ್ರ ನೂರಕ್ಕೆ 3.5 ಜನಕ್ಕೆ ಬಂತು, ಬರೀ ಜೆಲ್‌ನವರಲ್ಲಿ 2.4. ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದೂ ತುಸು ಹೆಚ್ಚಿತ್ತು. "ನಿಮ್ಮ ಮಿಷನ್ನಿನಲ್ಲಿ ಆ ಗುರುತು ಮತ್ತೆ ಮತ್ತೆ ಬಂದರೆ ಬನ್ನಿ, ಇಸಿಜಿ ಮಾಡೋಣ. ಎದೆನೋವು, ಏದುಸಿರು, ತಲೆಸುತ್ತಿ ಬೀಳೋದು, ಒಂದೇ ಕಾಲು ಊದೋದು ಆದ್ರೆ ಮಿಷನ್ ಹುಡುಕ್ತಾ ಕೂರ್ಬೇಡಿ, ಸೀದಾ ಆಸ್ಪತ್ರೆಗೆ ಹೋಗಿ" ಎಂದರು.

ರಕ್ತದಲ್ಲಿ ಪಿಸಿವಿ, ಅಂದರೆ ನೂರಕ್ಕೆ ಕೆಂಪು ಕಣಗಳ ಪಾಲು, 44 ಇದ್ದದ್ದು 50 ಆಗಿತ್ತು. ಟೆಸ್ಟೋಸ್ಟೆರಾನ್ ಕೆಂಪು ಕಣಗಳನ್ನು ಹೆಚ್ಚಿಸುತ್ತದೆ, ರಕ್ತ ಮಂದವಾಗುತ್ತದೆ. 54 ದಾಟಿದರೆ ಇಂಜೆಕ್ಷನ್ ನಿಲ್ಲಿಸಬೇಕು. ಮೈಯಲ್ಲಿ ಉಪ್ಪು ನೀರು ಹಿಡಿದುಕೊಳ್ಳುವುದೂ ಇದೆ, ಸಂಜೆ ಕಾಲುಚೀಲದ ಗೆರೆ ಆಳವಾಗಿ ಬೀಳುತ್ತಿತ್ತು. ಗೊರಕೆ ಹೊಡೆಯುತ್ತಾರಾ, ನಿದ್ದೆಯಲ್ಲಿ ಉಸಿರು ನಿಂತ ಹಾಗೆ ಆಗುತ್ತದಾ ಎಂದು ನನ್ನನ್ನು ಬಿಟ್ಟು ಹೆಂಡತಿಯನ್ನು ಫೋನಿನಲ್ಲಿ ಕೇಳಿದರು. ಥೈರಾಯ್ಡ್ ಮತ್ತೊಮ್ಮೆ ನೋಡಿದರು, ಸರಿಯಿತ್ತು. ಕೊನೆಗೆ 250ನ್ನು ಒಟ್ಟಿಗೆ ಹಾಕುವುದು ಬೇಡ, ಮಾರ್ಚ್ 2ರಿಂದ ವಾರಕ್ಕೆ 75 ಎಂದು ಬರೆದರು. ಇಂಜೆಕ್ಷನ್ ನೀವಾಗಿ ಹೆಚ್ಚುಕಮ್ಮಿ ಮಾಡಬೇಡಿ ಎಂದು ಎರಡು ಸಲ ಹೇಳಿದರು.

ಆಮೇಲಿನ ಪುಟಗಳನ್ನು ನೋಡಿದರೆ ನನಗೇ ಸಂತೋಷ. 74, 78, 79, 76, 74, 73. ಗುಡ್ಡ ಹೋಗಿ ಗದ್ದೆ ಬದುವಿನಷ್ಟು ಏರಿಳಿತ ಉಳಿದಿದೆ. ಮೇ ತಿಂಗಳಲ್ಲಿ ಪಿಸಿವಿ 47. ರತ್ನಗಿರಿ ಬೋರೆಯ ಪಾರ್ಕಿನಲ್ಲಿ ಎರಡು ಸುತ್ತು ನಡೆದರೂ ಕೂರಬೇಕು ಅನ್ನಿಸುವುದಿಲ್ಲ. ಎಡಮಗ್ಗುಲಿಗೆ ಮಲಗುತ್ತೇನೆ.

ಮಿಷನ್ನಿನ ತಪ್ಪುಗಳನ್ನು ಹೇಳದಿದ್ದರೆ ಓದುವವರಿಗೆ ಮೋಸ. ದೊಡ್ಡ ತಪ್ಪು ಪಟ್ಟಿಯದು. ಪೆಟ್ಟಿಗೆಯೊಳಗೆ ಬಂದದ್ದು 22ರಿಂದ 32 ಸೆಂಟಿಮೀಟರ್ ಸುತ್ತಳತೆಯ ತೋಳಿಗೆ. ನನ್ನದು 34. ಚಿಕ್ಕ ಪಟ್ಟಿ ಕಟ್ಟಿದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಮೊದಲ ವಾರ ನನಗೆ 150 ತೋರಿಸಿ ಹೆದರಿಸಿದ್ದು ಇದೇ. ದೊಡ್ಡ ಪಟ್ಟಿಗೆ ಬೇರೆ 780 ರೂಪಾಯಿ ಕೊಟ್ಟು ತರಿಸಬೇಕಾಯ್ತು, ಬರುವುದಕ್ಕೆ ಎಂಟು ದಿನ ಹಿಡಿಯಿತು. ಅಡಾಪ್ಟರ್ ಕೊಡುವುದಿಲ್ಲ, ನಾಲ್ಕು ಸೆಲ್ಲು ಬೇಕು, ಎರಡು ತಿಂಗಳಿಗೆ ಖಾಲಿ. 60 ಅಳತೆ ನೆನಪಿಡುತ್ತದೆ, ಆದರೆ ಯಾರದು ಎಂದು ಬೇರೆ ಮಾಡುವುದಿಲ್ಲ. ಮಾವ ಬಂದಾಗ ಅವರೂ ಕಟ್ಟಿಕೊಂಡು ನೋಡಿದ್ದರಿಂದ ಎರಡೂ ಬೆರೆತುಹೋದವು. ಪುಸ್ತಕದಲ್ಲಿ ಬರೆದಿಡುವುದೇ ಕ್ಷೇಮ. ಗಾಳಿ ತುಂಬುವ ಸದ್ದಿಗೆ ಪಕ್ಕದಲ್ಲಿ ಮಲಗಿದವರು ಎಚ್ಚರವಾಗುತ್ತಾರೆ, ನಾನು ಅಡುಗೆಮನೆಗೆ ಹೋಗಿ ನೋಡುತ್ತೇನೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಟೆಸ್ಟೋಸ್ಟೆರಾನ್ ಶುರು ಮಾಡುವವರು ಸಾಧ್ಯವಾದರೆ ಮೊದಲ ಸೂಜಿಗೆ ಎರಡು ವಾರ ಮುಂಚೆಯೇ ಇಂಥದ್ದೊಂದು ತಗೊಂಡು ದಿನಾ ಬರೆದಿಡಿ. ನನ್ನ ಹತ್ತಿರ ಮೊದಲಿನ ಲೆಕ್ಕ ಎಂದು ಇದ್ದದ್ದು ಹಾಸನದ ಚೀಟಿಯ ಆ ಒಂದು 70 ಮಾತ್ರ. ಕಳೆದ ವಾರ ಸೆಲ್ಲು ತರಲು ಅದೇ ಮೆಡಿಕಲ್ ಶಾಪಿಗೆ ಹೋಗಿದ್ದೆ. ಪಟ್ಟಿಯ ವಿಷಯ ನಾನು ಹೇಳಿದ್ದನ್ನು ಅಂಗಡಿಯ ಅಣ್ಣ ಮರೆತಿರಲಿಲ್ಲ. ಆಲ್ದೂರಿನಿಂದ ಬಂದ ಅಜ್ಜಿಯೊಬ್ಬರಿಗೆ ಮಿಷನ್ ತೋರಿಸುವ ಮೊದಲು, ಗಲ್ಲಾಪೆಟ್ಟಿಗೆಯ ಕೆಳಗಿಂದ ದರ್ಜಿ ಟೇಪು ತೆಗೆದು, "ಅಜ್ಜಿ, ಸ್ವಲ್ಪ ತೋಳು ಕೊಡಿ" ಎಂದು ಅಳೆಯುತ್ತಿದ್ದರು.