ಮಳೆಗಾಲದಲ್ಲಿ ಕಾರಿನ ಒಳಗಿನ ಪ್ಲಾಸ್ಟಿಕ್ಕಿಗೆ ಬಣ್ಣ ಹೊಡಿಸೋಕೆ ಕೊಡ್ಬೇಡಿ, ನಾನು ಕೊಟ್ಟು ಕೆಟ್ಟೆ

ನನ್ನ ಹತ್ರ ಒಂದು ಸ್ಯಾನ್ ಸ್ಟಾರ್ಮ್ ಇದೆ. ಗೊತ್ತಿಲ್ದೋರಿಗೆ ಹೇಳ್ತೀನಿ, ಗೋವಾದಲ್ಲಿ ತಯಾರಾಗ್ತಿದ್ದ ಎರಡೇ ಸೀಟಿನ ಓಪನ್ ಕಾರು, ಬಾಡಿ ಫೈಬರ್, ಇಂಜಿನ್ ರೆನೋದು. ಟಾಪ್ ತೆಗೆದು ಓಡಾಡೋ ಗಾಡಿ ಅಂದ್ಮೇಲೆ ಬಿಸಿಲು ಸೀದಾ ಒಳಗೇ ಬೀಳತ್ತೆ, ಹಿಂದಿನ ಓನರ್ ಬೇರೆ ಇಪ್ಪತ್ತು ವರ್ಷ ಅಂಗಳದಲ್ಲೇ ನಿಲ್ಲಿಸಿದ್ರು, ಹಾಗಾಗಿ ಗೇರ್ ಸುತ್ತಲಿನ ಕನ್ಸೋಲು, ಎಸಿ ವೆಂಟು, ಡೋರ್ ಪ್ಯಾಡು ಎಲ್ಲಾ ಬೂದಿ ಬಳಿದ ಹಾಗಿತ್ತು, ಉಗುರಲ್ಲಿ ಕೆರೆದ್ರೆ ಪುಡಿ ಬರೋದು.

ಕಕ್ಕಡ ತಿಂಗಳು, ಅಂದ್ರೆ ನಮ್ಮ ಕೊಡಗಿನ ಆಟಿ, ಹೊರಗೆ ಜಡಿಮಳೆ, ಗಾಡಿ ಹೆಂಗಿದ್ರೂ ಶೆಡ್ಡಲ್ಲೇ ಇರತ್ತಲ್ಲ ಅಂತ ಮಡಿಕೇರೀಲಿ ಒಂದು ಅಂಗಡಿಗೆ ಬಿಟ್ಟೆ. ಹುಡುಗ ಹೀಟ್ ಗನ್ ತಂದು ನನ್ನ ಕಣ್ಣೆದುರೇ ಒಂದು ಮೂಲೆಗೆ ಹಿಡಿದ, ಬೂದಿ ಬಣ್ಣ ಹೋಗಿ ಜಗ್ ಅಂತ ಕಪ್ಪಾಯ್ತು. "ಎರಡು ದಿನದ ಕೆಲಸ ಅಣ್ಣ, ಶೋರೂಮ್ ಗಾಡಿ ಮಾಡಿ ಕೊಡ್ತೀನಿ" ಅಂದ. 7,000ಕ್ಕೆ ಮಾತಾಗಿ 4,000 ಅಲ್ಲೇ ಕೊಟ್ಟೆ. ಆ ಕಪ್ಪು ನಂಬ್ಬೇಡಿ. ಶಾಖಕ್ಕೆ ಮೇಲಿನ ಪದರ ಕರಗಿ ಸಮ ಆಗತ್ತೆ, ಅದಕ್ಕೇ ಕಪ್ಪು ಕಾಣೋದು, ಬಿಸಿಲು ತಿಂದ ಪ್ಲಾಸ್ಟಿಕ್ ಅಲ್ಲೇ ಇರತ್ತೆ, ಮತ್ತೆ ಬಿಸಿಲು ಬಿದ್ರೆ ಮತ್ತೆ ಬೆಳ್ಳಗೆ. ಎಬಿಎಸ್ ಅನ್ನೋ ಗಟ್ಟಿ ಜಾತಿ ಪ್ಲಾಸ್ಟಿಕ್ ಹತ್ತಿರತ್ತಿರ 100 ಡಿಗ್ರಿಗೇ ಮೆತ್ತಗಾಗತ್ತೆ, ಹೀಟ್ ಗನ್ ಅದಕ್ಕಿಂತ ಎಷ್ಟೋ ಪಟ್ಟು ಬಿಸಿ ಉಗುಳತ್ತೆ. ಎಸಿ ವೆಂಟಿನ ತೆಳು ಪಟ್ಟಿಗಳು ಸುಟ್ಟ ಹಪ್ಪಳದ ಹಾಗೆ ಸೊಟ್ಟಗಾದ್ವು.

ಅಷ್ಟಕ್ಕೇ ಬಿಟ್ನಾ, ಬಣ್ಣಕ್ಕೆ ಮುಂಚೆ ಕ್ಲೀನ್ ಮಾಡೋಕೆ ಅಂತ ಪೇಂಟ್ ಥಿನ್ನರ್ ಹಾಕಿ ಒರೆಸಿದಾನೆ. ಥಿನ್ನರ್ ಎಬಿಎಸ್ಸನ್ನ ಕರಗಿಸತ್ತೆ ಸ್ವಾಮಿ! ಚರ್ಮದ ಹಾಗಿದ್ದ ಗ್ರೇನ್ ಹೋಗಿ ನುಣ್ಣಗೆ, ಗ್ಲೋವ್ ಬಾಕ್ಸ್ ಮುಚ್ಚಳದ ಮೇಲೆ ಅವನ ಹೆಬ್ಬೆರಳಿನ ಗುರುತು ಇವತ್ತಿಗೂ ಇದೆ, ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಒತ್ತಿದ ಹಾಗೆ.

ಆಮೇಲೆ ಅರ್ಧ ಶಟರ್ ತೆಗ್ದು, ಹೊರಗೆ ಮಳೆ ಸುರೀತಿರೋವಾಗ್ಲೇ ಸ್ಪ್ರೇ ಹೊಡೆದಿದಾನೆ. ಬಣ್ಣದಲ್ಲಿರೋ ಥಿನ್ನರ್ ಆರೋವಾಗ ಮೇಲ್ಮೈ ತಣ್ಣಗಾಗತ್ತೆ, ಗಾಳೀಲಿ ತೇವ ಜಾಸ್ತಿ ಇದ್ರೆ ಆ ನೀರೆಲ್ಲಾ ಹಸಿ ಬಣ್ಣದ ಮೇಲೇ ಕೂರತ್ತೆ. ನನ್ನ ಕನ್ಸೋಲ್ ಮೇಲೆ ರಾಜಾಸೀಟಿನ ಮಂಜೇ ಇಳಿದು ಕೂತಿತ್ತು, ಒರೆಸಿದ್ರೂ ಹೋಗಲ್ಲ. ಮಧ್ಯೆ ಮಧ್ಯೆ ಮೀನಿನ ಕಣ್ಣಿನಂಥ ಗುಳಿಗಳು, ಅದಕ್ಕೆ ಮಾತ್ರ ನಾನೂ ಕಾರಣ, ಎರಡು ವರ್ಷದಿಂದ ಸಿಲಿಕೋನ್ ಪಾಲಿಶ್ ಸುರಿದಿದ್ದೆ, ಅದು ಕೂತಿರೋ ಕಡೆ ಬಣ್ಣ ಹಿಡಿಯಲ್ಲ. ಅವನು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ.

ಸೆಪ್ಟೆಂಬರಲ್ಲಿ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಕನ್ಸೋಲಿನ ಬಣ್ಣ ಸಿಪ್ಪೆ ಸಿಪ್ಪೆ ಎದ್ದು ಬಂತು. ಬಿಚ್ಚಿ ಹಿಂದೆ ನೋಡಿದ್ರೆ ಪಿಪಿ ಅಂತ ಅಚ್ಚು, ಅಂದ್ರೆ ಪಾಲಿಪ್ರೊಪಿಲೀನ್. ಪಿಪಿ ಪ್ಲಾಸ್ಟಿಕ್ಕಿಗೆ ಅಡ್ಹೀಶನ್ ಪ್ರಮೋಟರ್, ಅಂದ್ರೆ ಬಣ್ಣ ಅಂಟಿಕೊಳ್ಳೋಕೆ ಮೊದಲು ಹೊಡೆಯೋ ಕೋಟು, ಹೊಡೀದೆ ಬಣ್ಣ ನಿಲ್ಲಲ್ಲ, ಬಿಚ್ಚಿದ್ದಿದ್ರೆ ಒಂದು ನಿಮಿಷದಲ್ಲಿ ಗೊತ್ತಾಗೋದು. ಹೋಗಿ ಕೇಳಿದ್ರೆ "ಪ್ಲಾಸ್ಟಿಕ್ಕೇ ಹಳೇದಲ್ವಾ ಅಣ್ಣ" ಅಂದ. ಬಾಕಿ 3,000 ಗಾಡಿ ತರೋವಾಗ್ಲೇ ಎಣಿಸಿದ್ದೆ.

ಸುಗ್ಗಿ ಹಬ್ಬ ಪುತ್ತರಿ ಕಳೆದು ಒಣ ಬಿಸಿಲು ಬಂದ್ಮೇಲೆ ನಾನೇ ಕೂತೆ. ಬಿಚ್ಚಿದ ಪೀಸುಗಳಿಗೆ ಸೋಪಿನ ನೀರು, ಮೆತ್ತಗಿನ ಬ್ರಶ್ಶು, ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್, ಪಿಪಿ ಪೀಸಿಗೆ ಪ್ರಮೋಟರ್, ಮೇಲೆ ವಿನೈಲ್ ಡೈ ಅನ್ನೋ ಪ್ಲಾಸ್ಟಿಕ್ ಬಣ್ಣ ತೆಳ್ಳಗೆ ಮೂರು ಕೋಟು. ಮೊದ್ಲು ಕಾಣದ ಮೂಲೇಲಿ ಹಚ್ಚಿ ಒಂದು ವಾರ ಕಾದೆ. ಕಾಫಿ ಕಣದ ಪಕ್ಕ ಚಾಪೆ ಹಾಸಿ ಒಣಗಿಸಿದ್ದಕ್ಕೆ ಅಮ್ಮನ ಹತ್ರ ಬೈಸ್ಕೊಂಡಿದ್ದೂ ಆಯ್ತು. ಖರ್ಚು 2,200. ಕನ್ಸೋಲು, ಡೋರ್ ಪ್ಯಾಡು ಚೆನ್ನಾಗೇ ಬಂದ್ವು, ಗ್ರೇನ್ ಹೋಗಿದ್ದು ಹೋಯ್ತು.

ಸೊಟ್ಟಗಾದ ವೆಂಟಿಗೆ ಮಾತ್ರ ದಾರಿ ಇಲ್ಲ, ಈ ಗಾಡಿ ಪಾರ್ಟ್ಸ್ ಎಲ್ಲೂ ಸಿಗಲ್ಲ. ಯಾರ ಶೆಡ್ಡಲ್ಲಾದ್ರೂ ಸ್ಟಾರ್ಮ್‌ದು ಎಡಗಡೆ ವೆಂಟ್ ಬಿದ್ದಿದ್ರೆ ಹೇಳಿ, ಬಂದು ತಗೊಂಡು ಹೋಗ್ತೀನಿ, ಬೆಳ್ಳಗಾಗಿದ್ರೂ ಪರವಾಗಿಲ್ಲ.