ಹಾರಂಗಿ ದಡದಲ್ಲಿ ಒಂದು ದಿನ: ಮಂಡಿನೋವಿನ ಅತ್ತೆಯೂ ಓಡುವ ಮಕ್ಕಳೂ ಜೊತೆಗಿದ್ದರೆ

ನೀರಿನ ದಡಕ್ಕೆ ಹೋಗಿ ಬಂದವರೆಲ್ಲ ನೋಟವನ್ನು ಹೊಗಳುತ್ತಾರೆ. ಕೂರಲು ಜಾಗ ಎಲ್ಲಿದೆ, ಎಷ್ಟು ಮೆಟ್ಟಿಲು ಹತ್ತಬೇಕು, ಮಧ್ಯಾಹ್ನದ ಬಿಸಿಲಿಗೆ ಎಲ್ಲಿ ತಲೆ ಮರೆಸಿಕೊಳ್ಳಬೇಕು ಎಂದು ಯಾರೂ ಹೇಳುವುದಿಲ್ಲ. ನಾನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಯಾವ ಜಾಗಕ್ಕೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಮೆಟ್ಟಿಲಿಗೆ, ಆಮೇಲೆ ಶೌಚಾಲಯಕ್ಕೆ, ಕೊನೆಗೆ ನೀರಿಗೆ. ಹಾಗಾಗಿ ಈ ವಿಮರ್ಶೆಯಲ್ಲಿ ಸೂರ್ಯಾಸ್ತದ ವರ್ಣನೆ ಸಿಗುವುದಿಲ್ಲ. ಎಂಬತ್ತು ದಾಟಿದ ಅತ್ತೆ, ಹಾಸನದಿಂದ ಬಂದ ನಾದಿನಿಯ ಸಂಸಾರ, ಮನೆಯ ಮೊಮ್ಮಕ್ಕಳು, ಯಾವ ಯೋಜನೆಯೂ ಬೇಡ ಎನ್ನುವ ಗಂಡ, ಇಷ್ಟು ಜನರನ್ನು ಬೆಳಿಗ್ಗೆ ಹೊರಡಿಸಿ ಸಂಜೆ ಮನೆಗೆ ಮುಟ್ಟಿಸಬೇಕಾದವರಿಗೆ ಇದು.

ಕೊಡಗಿನಲ್ಲಿ ಇಂಥ ದಿನಕ್ಕೆ ನನ್ನ ಮೊದಲ ಆಯ್ಕೆ ಹಾರಂಗಿ ಜಲಾಶಯ. ಕುಶಾಲನಗರದಿಂದ ಸುಮಾರು 9 ಕಿಲೋಮೀಟರ್, ಹುದುಗೂರಿನ ಬಳಿ. ಸುಂಟಿಕೊಪ್ಪದಲ್ಲಿರುವ ನಮಗೆ ಇದು ಮನೆಯ ಹಿತ್ತಲಿದ್ದಂತೆ; ಮೈಸೂರಿನ ಕಡೆಯಿಂದ ಬರುವವರಿಗೂ ಘಾಟಿ ರಸ್ತೆ ಸಿಗುವ ಮೊದಲೇ ಜಾಗ ಬಂದುಬಿಡುತ್ತದೆ. ಮಕ್ಕಳು ವಾಂತಿ ಮಾಡಿಕೊಳ್ಳುವ ತಿರುವುಗಳು ಶುರುವಾಗುವುದು ಮಡಿಕೇರಿಯ ಏರಿನಲ್ಲಿ. ಅದನ್ನು ತಪ್ಪಿಸಿದರೆ ಅರ್ಧ ದಿನ ಉಳಿದ ಹಾಗೆ.

ಯಾವಾಗ ಹೋಗಬೇಕು ಎಂಬುದೇ ಇಲ್ಲಿನ ದೊಡ್ಡ ಪ್ರಶ್ನೆ. ಪುಷ್ಪಗಿರಿಯ ಬೆಟ್ಟಸಾಲಿನ ಮಳೆ ನೇರವಾಗಿ ಇಳಿದು ಬರುವುದರಿಂದ ಈ ಜಲಾಶಯ ಬೇಗ ತುಂಬುತ್ತದೆ. ಇದರ ಗರಿಷ್ಠ ಮಟ್ಟ ಸಮುದ್ರ ಮಟ್ಟದಿಂದ 2,859 ಅಡಿ, ಸಂಗ್ರಹ 8.5 ಟಿಎಂಸಿ. ಕನ್ನಂಬಾಡಿ ಕಟ್ಟೆಯ ಸುಮಾರು 49 ಟಿಎಂಸಿಯ ಮುಂದೆ ಇದು ಚಿಕ್ಕದು. ಒಂದು ಒಳ್ಳೆಯ ಮುಂಗಾರು ಹಿಡಿದರೆ ಜುಲೈಯಲ್ಲೇ ಗೇಟು ತೆರೆಯಬೇಕಾಗುತ್ತದೆ. ಆ ಸುದ್ದಿ ಪತ್ರಿಕೆಯಲ್ಲಿ ಬಂದ ಕೂಡಲೇ ಕಾರುಗಳ ಸಾಲು. ಹಾಲಿನ ಬಣ್ಣದ ನೀರು, ಕಿವಿ ತುಂಬುವ ಸದ್ದು, ಎಲ್ಲ ನಿಜ. ಆದರೆ ಆಗ ಮಳೆಯೂ ಇರುತ್ತದೆ, ನೆಲ ಜಾರುತ್ತದೆ, ಹುಲ್ಲಿನಲ್ಲಿ ಜಿಗಣೆ ಇರುತ್ತದೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮಗು ಹಿಡಿದವರು ಅತ್ತೆಯ ಕೈಯನ್ನು ಯಾವುದರಲ್ಲಿ ಹಿಡಿಯುವುದು?

ಏಪ್ರಿಲ್, ಮೇ ತಿಂಗಳ ಬೇಸಿಗೆ ರಜೆಯೂ ನನಗೆ ಒಪ್ಪಿಗೆಯಿಲ್ಲ. ಆಗ ನೀರು ಹಿಂದೆ ಸರಿದು ದಡ ಬೋಳಾಗಿರುತ್ತದೆ. ನೋಡಲು ಆಟದ ಮೈದಾನದ ಹಾಗೆ ಕಾಣುವ ಆ ಮಣ್ಣಿನ ಕೆಳಗೆ ಹೂಳು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರದ ಕಡೆ ಗುಡ್ಡಗಳು ಕುಸಿದಾಗ ಆ ಮಣ್ಣಿನ ದೊಡ್ಡ ಪಾಲು ಹೊಳೆಗಳ ಜೊತೆ ಬಂದು ಸೇರಿದ್ದು ಇಲ್ಲಿಗೇ. ಯಾರದೋ ಕಾಫಿ ತೋಟ, ಯಾರದೋ ಅಂಗಳ ಈ ನೀರಿನ ತಳದಲ್ಲಿದೆ ಎಂಬ ಯೋಚನೆ ನಮ್ಮ ಊರಿನವರಿಗೆ ಇಲ್ಲಿ ನಿಂತಾಗ ಬಾರದೆ ಇರುವುದಿಲ್ಲ.

ನನ್ನ ಲೆಕ್ಕದಲ್ಲಿ ಸರಿಯಾದ ಕಾಲ ತುಲಾ ಸಂಕ್ರಮಣ ಕಳೆದ ಮೇಲೆ, ಕಾಫಿ ಕೊಯ್ಲು ಜೋರಾಗುವುದಕ್ಕೆ ಮುಂಚೆ. ಅಂದರೆ ಅಕ್ಟೋಬರ್ ಕೊನೆಯಿಂದ, ನವೆಂಬರ್-ಡಿಸೆಂಬರಿನಲ್ಲಿ ಬರುವ ನಮ್ಮ ಸುಗ್ಗಿ ಹಬ್ಬ ಹುತ್ತರಿಯವರೆಗೆ. ಮಳೆ ಹಿಂದೆ ಸರಿದಿರುತ್ತದೆ, ನೀರು ಇನ್ನೂ ದಡ ಬಿಟ್ಟಿರುವುದಿಲ್ಲ, ಬೆಳಗಿನ ಬಿಸಿಲು ಮೈಗೆ ಹಿತ. ಹಣ್ಣು ಕೆಂಪಾಗಲು ಶುರುವಾದರೆ ತೋಟವಿರುವ ಮನೆಯಿಂದ ಯಾರನ್ನೂ ಎಬ್ಬಿಸಿಕೊಂಡು ಬರಲು ಸಾಧ್ಯವಿಲ್ಲ. ಆಳುಗಳು ಬಂದರೋ ಇಲ್ಲವೋ, ಕಣದಲ್ಲಿ ಹರವಿದ ಕಾಫಿಗೆ ಮೋಡ ಬಂತೋ ಎಂದು ಫೋನ್ ಹಿಡಿದುಕೊಂಡೇ ಇರುತ್ತಾರೆ. ದಸರಾ ರಜೆ ಮತ್ತು ಉದ್ದದ ವಾರಾಂತ್ಯಗಳನ್ನು ಬಿಟ್ಟುಬಿಡಿ. ಆಗ ಕುಶಾಲನಗರದ ಪೇಟೆ ದಾಟುವುದೇ ಒಂದು ಪ್ರವಾಸ.

ಹೊರಡುವ ಹಿಂದಿನ ರಾತ್ರಿ ನಮ್ಮ ಮನೆಯಲ್ಲಿ ಜಗಳ ನಡೆದದ್ದು ಊಟದ ವಿಚಾರಕ್ಕೆ. ನಮ್ಮ ಮನೆಯವರಿಗೆ ಹೊರಗೆ ಊಟ ಎಂದರೆ ಕಡಂಬುಟ್ಟು (ಅಕ್ಕಿ ತರಿಯ ಕಡುಬು) ಮತ್ತು ಪಂದಿ ಕರಿ (ಹಂದಿ ಮಾಂಸದ ಸಾರು). "ದಡದಲ್ಲಿ ಕೂತು ತಿನ್ನದಿದ್ದರೆ ಹೋಗುವುದಾದರೂ ಯಾಕೆ?" ಎಂದರು. ಕಾಚಂಪುಳಿ ಎಂಬ ಕಪ್ಪು ಹುಳಿ ಹಾಕಿದ ಕರಿ ತಣ್ಣಗಾದರೆ ಕೊಬ್ಬು ಹೆಪ್ಪುಗಟ್ಟುತ್ತದೆ, ಮಕ್ಕಳ ಕೈ ತೊಳೆಸಲು ಕೊಡ ನೀರು ಬೇಕು, ಪಾತ್ರೆ ಸಂಜೆಯವರೆಗೆ ಕಾರಿನಲ್ಲಿ ನಾರುತ್ತದೆ ಎಂದು ನಾನು. ಕೊನೆಗೆ ಅತ್ತೆಯೇ ತೀರ್ಪು ಕೊಟ್ಟರು: "ಕರಿ ರಾತ್ರಿಗೆ ಇರಲಿ. ಮನೆಗೆ ಬರಲಿಕ್ಕೂ ಒಂದು ಕಾರಣ ಬೇಕಲ್ಲ." ಕಟ್ಟಿಕೊಂಡು ಹೋದದ್ದು ಅಕ್ಕಿ ರೊಟ್ಟಿ, ಎಳ್ಳಿನ ಚಟ್ನಿ, ಪುಳಿಯೋಗರೆ, ಬೇಯಿಸಿದ ಮೊಟ್ಟೆ, ಕಿತ್ತಳೆ. ಮೊಸರನ್ನ ಬೇಡವೆಂದು ನಾದಿನಿಗೆ ಹೇಳಿದೆ, ಅವಳು ತಂದಳು, ಮಧ್ಯಾಹ್ನಕ್ಕೆ ಹುಳಿ ಬಂದಿತ್ತು. ಬಾಳೆ ಎಲೆಯಲ್ಲಿ ಕಟ್ಟಿದರೆ ಕಸದ ಚಿಂತೆ ಅರ್ಧ ಕಡಿಮೆ. ನೀರು ಸ್ಟೀಲ್ ಕ್ಯಾನಿನಲ್ಲಿ.

ಗಾಡಿಯ ವಿಷಯದಲ್ಲಿ ಒಂದು ದೂರು ಇದೆ. ಎಲ್ಲರೂ ಒಟ್ಟಿಗೆ ಹೋಗಲೆಂದು ಬಾಡಿಗೆಗೆ ವ್ಯಾನ್ ಹೇಳಿದ್ದೆವು. ವಯಸ್ಸಾದವರಿದ್ದಾರೆ, ಹತ್ತುವ ಮೆಟ್ಟಿಲು ತಗ್ಗಿರಬೇಕು ಎಂದು ಫೋನಿನಲ್ಲಿ ಒತ್ತಿ ಹೇಳಿದ್ದೆ. "ಆಯಿತು ಅಮ್ಮ" ಎಂದ ಪುಣ್ಯಾತ್ಮರು ಕಳಿಸಿದ್ದು ನನ್ನ ಮಂಡಿಗಿಂತ ಎತ್ತರದ ಮೆಟ್ಟಿಲಿನ ಗಾಡಿ. ಹಿಂದಿನ ಸೀಟಿನ ಕಿಟಕಿ ತೆರೆಯುತ್ತಿರಲಿಲ್ಲ. ಅಡುಗೆಮನೆಯ ಪ್ಲಾಸ್ಟಿಕ್ ಸ್ಟೂಲನ್ನು ಕೂಡಲೇ ಗಾಡಿಗೆ ಹಾಕಿಸಿದೆ. ಆ ಸ್ಟೂಲು ಇಡೀ ದಿನ ಕೆಲಸಕ್ಕೆ ಬಂತು: ಹತ್ತಲು ಮೆಟ್ಟಿಲು, ನೆರಳಿರುವ ಕಡೆ ಕುರ್ಚಿ, ಊಟಕ್ಕೆ ಮೇಜು. ಈಗ ನಾನು ಯಾರಿಗಾದರೂ ಕೊಡುವ ಮೊದಲ ಸಲಹೆ ಅದೇ, ಒಂದು ಸ್ಟೂಲು ಹಾಕಿಕೊಳ್ಳಿ. ಸ್ವಂತ ಗಾಡಿ ಇಲ್ಲದವರು ಕುಶಾಲನಗರದಿಂದ ಆಟೊ ಹಿಡಿಯುವಾಗ ಕಾಯುವ ಹೊತ್ತನ್ನೂ ವಾಪಸು ಬರುವುದನ್ನೂ ಸೇರಿಸಿಯೇ ಬಾಡಿಗೆ ಮಾತಾಡಲಿ.

ಕುಶಾಲನಗರದಲ್ಲೇ ಕಾಫಿ ತಿಂಡಿ ಮುಗಿಸಿ, ಎಲ್ಲರೂ, ಹಟ ಮಾಡುವ ಮಕ್ಕಳೂ, ಶೌಚಾಲಯಕ್ಕೆ ಹೋಗಿ ಬಂದ ಮೇಲೆ ಹೊರಡುವುದು ನನ್ನ ಕಟ್ಟುನಿಟ್ಟು. ಇದಕ್ಕೆ ಎಲ್ಲರೂ ನನ್ನನ್ನು ನಗಾಡುತ್ತಾರೆ. ನಗಲಿ.

ಹಿನ್ನೀರಿನ ದಡದಲ್ಲಿ ಅರಣ್ಯ ಇಲಾಖೆಯ ವೃಕ್ಷೋದ್ಯಾನವೂ ಸಾಕಾನೆ ಶಿಬಿರವೂ ಇವೆ. ಕುಟುಂಬಕ್ಕೆ ಹೇಳಿಮಾಡಿಸಿದ ಜಾಗ ಇದೇ. ಮರಗಳಿವೆ, ನಡೆಯಲು ದಾರಿಯಿದೆ, ಮರಗಳ ನಡುವಿನಿಂದ ನೀರು ಕಾಣುತ್ತದೆ. ನೀರನ್ನು ಹೀಗೆ ನೆರಳಿನಿಂದ ನೋಡುವುದೇ ಮೇಲು. ಬಯಲಿನಲ್ಲಿ ನಿಂತರೆ ಅದರ ಥಳಕು ಕಣ್ಣಿಗೆ ಹೊಡೆದು ಅರ್ಧ ಗಂಟೆಯಲ್ಲಿ ತಲೆ ಸಿಡಿಯುತ್ತದೆ. ಅತ್ತೆಯನ್ನು ಮರದಡಿ ಕೂರಿಸಿದರೆ ಅವರಿಗೆ ಬೇರೇನೂ ಬೇಡವಾಗಿತ್ತು. "ನೀರು ನೋಡಲಿಕ್ಕೆ ಇಷ್ಟು ದೂರ ಬರಬೇಕಿತ್ತೇ? ಜೂನ್ ತಿಂಗಳಲ್ಲಿ ನಮ್ಮ ಅಂಗಳದಲ್ಲೇ ಇರುತ್ತದಲ್ಲ" ಎಂದು ಒಂದು ಸಲ ಹೇಳಿದ್ದು ಬಿಟ್ಟರೆ, ಊಟದ ಹೊತ್ತಿನವರೆಗೂ ಅಲ್ಲಿಂದ ಏಳಲಿಲ್ಲ. ಅವರ ಮಟ್ಟಿಗೆ ಅದು ಹೊಗಳಿಕೆ.

ಆನೆಗಳ ಬಗ್ಗೆ ಸ್ವಲ್ಪ ಹೇಳಬೇಕು. ಬೆಂಗಳೂರಿನ ಮಗುವಿಗೆ ಆನೆ ಎಂದರೆ ಚಪ್ಪಾಳೆ. ನಮ್ಮ ಊರಿನ ಮಗುವಿಗೆ ಆನೆ ಎಂದರೆ ರಾತ್ರಿ ಪಟಾಕಿ ಸದ್ದು, ಬೆಳಿಗ್ಗೆ ಮುರಿದ ಬಾಳೆಗಿಡ, ಶಾಲೆಗೆ ಹೋಗುವ ದಾರಿಯಲ್ಲಿ ಲದ್ದಿ. ಹಾಸನದ ಮಕ್ಕಳು ಸಾಕಾನೆಯನ್ನು ಕಂಡು ಕುಣಿದರೆ, ನಮ್ಮ ಮೊಮ್ಮಗಳು ನನ್ನ ಸೀರೆಯ ಸೆರಗಿನ ಹಿಂದೆ ನಿಂತು, "ಅಜ್ಜಿ, ಇದರ ಅಮ್ಮ ನಮ್ಮ ತೋಟಕ್ಕೆ ಬರುತ್ತದಾ?" ಎಂದಳು. ಕಾಡಿನ ಪುಂಡಾನೆಗಳನ್ನು ಹಿಡಿಯಲು ಹೋಗುವುದೂ ಶಿಬಿರಗಳಲ್ಲಿ ಪಳಗಿದ ಆನೆಗಳೇ ಎಂದು ತಿಳಿಸಿದ ಮೇಲೆ ಅವಳ ನೋಟ ಬದಲಾಯಿತು. ಪೊಲೀಸರನ್ನು ನೋಡುವ ಮರ್ಯಾದೆ ಬಂತು. ಮಾವುತರು ಹೇಳಿದ ದೂರದಲ್ಲೇ ನಿಲ್ಲಿ, ಹಿಂದಿನಿಂದ ಹೋಗಬೇಡಿ, ಕೈಯಲ್ಲಿ ಕಿತ್ತಳೆ ಹಿಡಿದು ಓಡಾಡಬೇಡಿ. ನಾದಿನಿಯ ಗಂಡ ಬೆನ್ನು ತಿರುಗಿಸಿ ನಿಂತು ಫೋಟೊ ತೆಗೆದುಕೊಳ್ಳಲು ಹೊರಟಾಗ ಮಾವುತ ಒಂದೇ ಮಾತಿನಲ್ಲಿ ತಡೆದರು. ಅವರ ಕೆಲಸದ ಶಿಸ್ತಿಗೆ ನನ್ನ ಪೂರ್ತಿ ಅಂಕ.

ಇನ್ನು ನೀರಿಗೆ ಇಳಿಯುವ ಮಾತು. ಇಳಿಯಬಾರದು. ಮೊಣಕಾಲಿನವರೆಗೂ ಬೇಡ, ಪಾದ ನೆನೆಸುವುದೂ ಬೇಡ. ಹಿನ್ನೀರು ಕೆರೆಯಂತೆ ಸುಮ್ಮನೆ ನಿಂತಿರುತ್ತದೆ, ಅದೇ ಅದರ ಮೋಸ. ಕೆಳಗೆ ಇರುವುದು ಹೊಳೆಯ ಹಳೆಯ ಕಣಿವೆ: ಇಳಿಜಾರು, ಮರದ ಬುಡಗಳು, ಕಾಲು ಹೂತುಹೋಗುವ ಹೂಳು. ಎರಡು ಹೆಜ್ಜೆ ಮಂಡಿಯವರೆಗೆ ಇದ್ದ ನೀರು ಮೂರನೆಯ ಹೆಜ್ಜೆಗೆ ತಲೆ ಮೇಲಿರಬಹುದು. ಆಸ್ಪತ್ರೆಯ ಕೆಲಸದಲ್ಲಿದ್ದಾಗ ಹೊಳೆ, ಹಿನ್ನೀರುಗಳಿಂದ ತಂದವರನ್ನು ನೋಡಿದ್ದೇನೆ, ಹೆಚ್ಚಿನವರು ಈಜು ಬಲ್ಲ ಹುಡುಗರು. ವಿವರ ಇಲ್ಲಿ ಬೇಡ. ಮಕ್ಕಳಿಗೆ ದಡದಲ್ಲಿ ನಿಂತು ಹೇಳಿದರೆ ಅಳು, ರಂಪ, ಮನೆಯಲ್ಲೇ ಹೇಳಿ. ಈಜುಡುಗೆ, ಹೆಚ್ಚುವರಿ ಟವೆಲ್ಲು ಯಾವುದನ್ನೂ ಚೀಲಕ್ಕೆ ಹಾಕಲೇಬೇಡಿ, ಆಸೆಯೇ ಹುಟ್ಟುವುದಿಲ್ಲ. ನೀರಾಟದ ಬದಲು ಒಂದು ಚೆಂಡು ಒಯ್ಯಿರಿ, ಅದನ್ನೂ ನೀರಿನಿಂದ ದೂರ ಆಡಿಸಿ.

ಹಾರಂಗಿಯಲ್ಲಿ ಸಂಗೀತ ಕಾರಂಜಿಯೂ ಇದೆ. ಕತ್ತಲಾಗುವವರೆಗೆ ಕಾಯುವುದು ನಮ್ಮ ಗುಂಪಿಗೆ ಆಗುವ ಮಾತಲ್ಲ. ಅತ್ತೆಯ ಮಾತ್ರೆಯ ಹೊತ್ತು, ಚಿಕ್ಕವನ ನಿದ್ದೆ, ಮೇಲಾಗಿ ಮನೆಯಲ್ಲಿ ಕರಿ ಕಾಯುತ್ತಿದೆ. ಕಾಲೇಜು ವಯಸ್ಸಿನ ಮಕ್ಕಳಿದ್ದವರು ದಿನವನ್ನು ತಡವಾಗಿ ಶುರು ಮಾಡಿ ಸಂಜೆಗೆ ಇಟ್ಟುಕೊಳ್ಳಬಹುದು. ಅಣೆಕಟ್ಟಿನ ಮುಂದೆ ನಿಂತು ಅವರಿಗೆ ಒಂದಿಷ್ಟು ಭೂಗೋಳವನ್ನೂ ಹೇಳಿಕೊಡಿ. ಈ ಹೊಳೆ ಕೂಡಿಗೆಯ ಬಳಿ ಕಾವೇರಿಯನ್ನು ಸೇರುತ್ತದೆ, ನಾಲೆಯ ನೀರು ಪಿರಿಯಾಪಟ್ಟಣ, ಹುಣಸೂರಿನ ಕಡೆಯ ಹೊಲಗಳಿಗೆ ಹೋಗುತ್ತದೆ. ಮಳೆ ಬೀಳುವುದು ನಮ್ಮ ಮಾಡಿನ ಮೇಲೆ, ಬೆಳೆ ಬರುವುದು ಬಯಲುಸೀಮೆಯವರ ಹೊಲದಲ್ಲಿ ಎಂದು ನಮ್ಮ ಮನೆಯವರು ಅಲ್ಲಿ ಪ್ರತಿ ಸಲ ಹೇಳುತ್ತಾರೆ. ಹಾಸನದವರು ಜೊತೆಗಿದ್ದರೆ ಸ್ವಲ್ಪ ಜೋರಾಗಿ.

ಬೇರೆ ದಡಗಳನ್ನೂ ಅಳೆದು ನೋಡಿದ್ದೇನೆ. ಚಿಕ್ಲಿಹೊಳೆ ನೋಟದಲ್ಲಿ ಹಾರಂಗಿಯನ್ನು ಸುಲಭವಾಗಿ ಸೋಲಿಸುತ್ತದೆ. ಜಲಾಶಯ ತುಂಬಿದಾಗ ಅರ್ಧವೃತ್ತದ ಕಟ್ಟೆಯ ಮೇಲಿಂದ ನೀರು ಸುತ್ತಲೂ ಒಂದೇ ಸಮನೆ ಇಳಿಯುತ್ತದೆ, ಗೇಟು ತೆರೆಯುವ ಗೊಡವೆಯೇ ಇಲ್ಲ. ಇಡೀ ಜಲಾಶಯದ ಸಂಗ್ರಹ 0.18 ಟಿಎಂಸಿ, ಹಾಗಾಗಿ ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತದೆ. ಆದರೆ ಅದು ಒಂದು ಗಂಟೆಯ ಜಾಗ, ಇಡೀ ದಿನದ್ದಲ್ಲ. ಪಕ್ಕದಲ್ಲೇ ಕಾಡು, ಸಂಜೆಯಾದರೆ ಆನೆಗಳ ಓಡಾಟ, ಬೆಳಕಿದ್ದಾಗಲೇ ಹೊರಡಬೇಕು. ಗಂಡ ಹೆಂಡತಿ ಇಬ್ಬರೇ ಬೈಕಿನಲ್ಲಿ ಹೋಗಲು ಸರಿ. ಸೋಮವಾರಪೇಟೆಯ ಹತ್ತಿರ ದೊಡ್ಡಮಳ್ತೆಯ ಹೊನ್ನಮ್ಮನ ಕೆರೆಗೆ ಹೋಗುವುದಾದರೆ ಗೌರಿ ಹಬ್ಬಕ್ಕೆ ಹೋಗಿ. ಕೆರೆಗೆ ಬಾಗಿನ ಬಿಡುವುದನ್ನು ನೋಡಿದರೆ, ಊರಿಗೆ ನೀರು ಬರಲೆಂದು ಪ್ರಾಣ ಕೊಟ್ಟ ಸೊಸೆಯ ಕಥೆಯನ್ನು ಮಕ್ಕಳಿಗೆ ಬೇರೆ ಹೇಳಬೇಕಾಗಿಲ್ಲ. ಆ ಕಥೆ ಕೇಳಿದಾಗಲೆಲ್ಲ ನಮ್ಮ ಅತ್ತೆ ಸೊಸೆಯ ಪರ ನಿಲ್ಲುತ್ತಾರೆ, ಇದನ್ನು ಬರೆದಿಡಬೇಕು.

ಮಳೆ ಅನಿರೀಕ್ಷಿತವಾಗಿ ಹಿಡಿದುಕೊಂಡರೆ ಕಾವೇರಿ ನಿಸರ್ಗಧಾಮಕ್ಕೆ ತಿರುಗುವ ಎಂದು ನಾದಿನಿ ಹೇಳಿದಳು. ಅದು ಹೊಳೆ ನಡುವಿನ ದ್ವೀಪ, ಒಳಗೆ ಹೋಗಲು ತೂಗುಸೇತುವೆ ದಾಟಬೇಕು, ಅದು ಅಲುಗಾಡುತ್ತದೆ. ಅತ್ತೆ ದಾಟುವುದಿಲ್ಲ. ಬದಲಿಗೆ ಬೈಲುಕುಪ್ಪೆಯ ಚಿನ್ನದ ದೇವಾಲಯಕ್ಕೆ ಹೋಗಿ. ಪ್ರಾರ್ಥನಾ ಮಂದಿರದ ಒಳಗೆ ತಣ್ಣಗೆ ಕುಳಿತುಕೊಳ್ಳಬಹುದು, ಆಮೇಲೆ ಮಕ್ಕಳಿಗೆ ಮೊಮೊ ಕೊಡಿಸಬಹುದು.

ಐದರಲ್ಲಿ ನಾಲ್ಕು ಅಂಕ ಹಾರಂಗಿಗೆ. ಒಂದನ್ನು ಹಿಡಿದಿಟ್ಟದ್ದು ನಡು ಮಧ್ಯಾಹ್ನದ ಬಿಸಿಲಿಗೆ. ಅದಕ್ಕೆ ಯಾವ ಇಲಾಖೆಯೂ ಹೊಣೆಯಲ್ಲ, ಆದರೆ ಅಂಕ ಕೊಡುವವಳು ನಾನು. ಬೆಳಿಗ್ಗೆ ಬೇಗ ಹೋಗಿ, ಊಟ ಮುಗಿಸಿ ಎರಡು ಗಂಟೆಗೆ ಹೊರಟುಬಿಡಿ. ಟಿಕೆಟ್ಟಿಗೆ ಚಿಲ್ಲರೆ ನಗದು ಇರಲಿ. ಬಾಡಿಗೆ ಗಾಡಿಯಾದರೆ ಹಿಂದಿನ ದಿನವೇ ಹೋಗಿ ಮೆಟ್ಟಿಲನ್ನು ಕಣ್ಣಾರೆ ನೋಡಿ, ಹಿಂದಿನ ಕಿಟಕಿಯನ್ನು ಕೈಯಾರೆ ತೆರೆದು, ಆಮೇಲೆ ಮುಂಗಡ ಕೊಡಿ.